ಅಜ್ಜಿಯ ಉಡುಪಿ ಸೀರೆ ಕಾಲೇಜಿಗೆ: ಉಡುವ ಮೊದಲು ಇಷ್ಟು ನೋಡಿ

ಕೆಮ್ಮಣ್ಣು: ಹಳೇ ಕಾಲದ ಬಟ್ಟೆಯ ಹುಚ್ಚಿರುವ ಕಾಲೇಜು ಹುಡುಗಿಗೆ ಬೆಂಗಳೂರಿನ ವಿಂಟೇಜ್ ಅಂಗಡಿ ಬೇಡ, ಅಜ್ಜಿಯ ಕಪಾಟು ಸಾಕು. ಅಲ್ಲಿ ಕೈಮಗ್ಗದ ಉಡುಪಿ ಸೀರೆ ಸಿಕ್ಕರೆ ಅದೃಷ್ಟವೇ ಸರಿ. 2016ರಲ್ಲಿ ಜಿಐ ಟ್ಯಾಗ್ ಪಡೆದ ಈ ಹತ್ತಿ ಸೀರೆಯನ್ನು ಉಳಿಸಲು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಕಾರ್ಕಳದ ಕದಿಕೆ ಟ್ರಸ್ಟ್ ಕೆಲಸ ಮಾಡುತ್ತಿವೆ. ಆದರೆ ನೇಯುವ ಕೈಗಳು ಕಡಿಮೆ. ಹಳೆಯದೊಂದು ಹಾಳಾದರೆ ಅಂಥದ್ದೇ ಇನ್ನೊಂದು ಸಿಗುವುದು ಕಷ್ಟ.

ಮೊದಲು ಸೀರೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಆ ಗೆರೆಯಲ್ಲೇ ನೂಲು ಸೋತಿರುತ್ತದೆ, ನೆರಿಗೆ ಎಳೆದಾಗ ಅಲ್ಲೇ ಹರಿಯುತ್ತದೆ. ಬಣ್ಣ ಬಿಡುತ್ತದಾ ಎಂದು ಸೆರಗಿನ ತುದಿಯಲ್ಲಿ ಒದ್ದೆ ಬಟ್ಟೆ ಒತ್ತಿ ನೋಡಿ. ಮತ್ತೆ ತಣ್ಣೀರು, ಅಂಟುವಾಳದ ನೊರೆ, ನೆರಳಲ್ಲಿ ಒಣಗಿಸುವುದು. ವಾಷಿಂಗ್ ಮೆಷಿನ್ ಬೇಡವೇ ಬೇಡ.

ಉಡುವ ದಿನಕ್ಕೆ ತೆಳು ಗಂಜಿ ಹಾಕಿದರೆ ನೆರಿಗೆ ಚಂದ ನಿಲ್ಲುತ್ತದೆ. ಆದರೆ ನಮ್ಮ ಕರಾವಳಿ ಮಳೆಗಾಲಕ್ಕೆ ಗಂಜಿ ಸಮೇತ ಕಪಾಟಿಗಿಟ್ಟರೆ ಬೂಷ್ಟು, ಹುಳ ಎರಡೂ ಗ್ಯಾರಂಟಿ. ಗಂಜಿ ತೊಳೆದು, ಚೆನ್ನಾಗಿ ಒಣಗಿಸಿ, ಹಳೇ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ. ಎರಡು-ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಕುರ್ತಾ ಹೊಲಿಸುವ ಆಸೆ ಇದ್ದರೆ ಹರಿದ ಸೀರೆಯನ್ನೇ ಟೈಲರಿಗೆ ಕೊಡಿ. ಗಟ್ಟಿ ಇರುವುದಕ್ಕೆ ಕತ್ತರಿ ತಾಗಿಸಬೇಡಿ. ಅಜ್ಜಿಯ ರವಿಕೆ ಅಳತೆಗೆ ಬರದಿದ್ದರೆ ಬಿಳಿ ಶರ್ಟಿನ ಮೇಲೂ ಉಡಬಹುದು.