ಮೂರೂವರೆ ಸೆಂಟಿಮೀಟರ್ ಅಗಲದ ಮುಖ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳಲ್ಲಿ ನೌಕರಿಯ ಅರ್ಜಿ ತುಂಬುವ ಕೆಲಸ ಬಹುಮಟ್ಟಿಗೆ ಫೋಟೋ ಸ್ಟುಡಿಯೊ ಅಥವಾ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ನಡೆಯುತ್ತದೆ. ಸಂವಿಧಾನದ 371(ಜೆ) ವಿಧಿಯನ್ವಯ 2013ರಲ್ಲಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಶಿಕ್ಷಣ ಹಾಗೂ ಉದ್ಯೋಗಗಳಲ್ಲಿ ಮೀಸಲಾತಿ ದೊರೆತ ಮೇಲೆ ಇಲ್ಲಿನ ಯುವಜನರಿಗೆ ಅರ್ಜಿಯೆಂಬುದು ದೊಡ್ಡ ಭರವಸೆಯಾಗಿದೆ. ಆ ಅರ್ಜಿಯ ಮೂಲೆಯಲ್ಲಿ ಕೂರುವ ಪುಟ್ಟ ಭಾವಚಿತ್ರವು ಅಳತೆಗೆ ಹೊಂದದಿದ್ದರೆ ತಿರಸ್ಕೃತವಾಗುವ ಸಂಭವವಿರುವುದರಿಂದ, ಅದನ್ನು ಅಳತೆಗೆ ತರುವ ಕ್ರಮವನ್ನು ಅಂಗಡಿಯವರಷ್ಟೇ ಅಲ್ಲ, ಅಭ್ಯರ್ಥಿಗಳೂ ತಿಳಿದಿರುವುದು ಅಗತ್ಯ.

ಚಿತ್ರಕ್ಕೆ ಮೂರು ಬಗೆಯ ಅಳತೆಗಳಿವೆ. ಕಾಗದದ ಮೇಲಿನ ಅಗಲ ಮತ್ತು ಎತ್ತರವನ್ನು ಸೆಂಟಿಮೀಟರಿನಲ್ಲಿಯೂ, ಕಂಪ್ಯೂಟರಿನಲ್ಲಿ ಚಿತ್ರವನ್ನು ರೂಪಿಸುವ ಬಣ್ಣದ ಚುಕ್ಕೆಗಳನ್ನು ಪಿಕ್ಸೆಲ್‌ನಲ್ಲಿಯೂ, ಕಡತವು ಆಕ್ರಮಿಸುವ ಜಾಗವನ್ನು ಕಿಲೋಬೈಟ್ ಅಥವಾ ಕೆಬಿಯಲ್ಲಿಯೂ ಹೇಳಲಾಗುತ್ತದೆ. ಭಾರತದಲ್ಲಿ ಪಾಸ್‌ಪೋರ್ಟ್ ಸೈಜ್ ಎಂದು ರೂಢಿಯಲ್ಲಿರುವ ಚಿತ್ರ 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ್ದು. ಸ್ಪಷ್ಟ ಮುದ್ರಣಕ್ಕೆ ಒಂದು ಇಂಚಿನಲ್ಲಿ 300 ಚುಕ್ಕೆಗಳಿರಬೇಕೆಂಬ ರೂಢಿಯನ್ನು ಅನುಸರಿಸಿ, 2.54 ಸೆಂ.ಮೀ.ಗೆ ಒಂದು ಇಂಚಿನಂತೆ ಲೆಕ್ಕ ಹಾಕಿದರೆ, ಈ ಚಿತ್ರಕ್ಕೆ ಸುಮಾರು 413 ಪಿಕ್ಸೆಲ್ ಅಗಲ ಮತ್ತು 531 ಪಿಕ್ಸೆಲ್ ಎತ್ತರ ಬೇಕಾಗುತ್ತದೆ.

ತೊಡಕು ಹುಟ್ಟುವುದು ಅಗಲ ಮತ್ತು ಎತ್ತರಗಳ ಅನುಪಾತದಲ್ಲಿ. ಬ್ಯಾಂಕ್ ನೇಮಕಾತಿಯ ಪರೀಕ್ಷೆಗಳನ್ನು ನಡೆಸುವ ಐಬಿಪಿಎಸ್ ಸಂಸ್ಥೆಯ ಸೂಚನೆಗಳಲ್ಲಿ ಭಾವಚಿತ್ರವು 4.5 ಸೆಂ.ಮೀ. ಮತ್ತು 3.5 ಸೆಂ.ಮೀ. ಅಳತೆಯದೆಂದು ಹೇಳಿ, ಅಪ್‌ಲೋಡ್ ಮಾಡುವ ಕಡತವು ಅಗಲದಲ್ಲಿ 200, ಎತ್ತರದಲ್ಲಿ 230 ಪಿಕ್ಸೆಲ್‌ಗಳಿದ್ದು, 20ರಿಂದ 50 ಕೆಬಿಯೊಳಗಿರಬೇಕೆಂದು ತಿಳಿಸಲಾಗಿದೆ. ಮೊದಲ ಅಳತೆಯ ಅನುಪಾತದಂತೆ 200 ಪಿಕ್ಸೆಲ್ ಅಗಲಕ್ಕೆ 257 ಪಿಕ್ಸೆಲ್ ಎತ್ತರವಿರಬೇಕಾದಲ್ಲಿ ಎರಡನೆಯದು 230 ಮಾತ್ರ ಕೇಳುತ್ತದೆ. ಆದ್ದರಿಂದ ಸ್ಟುಡಿಯೊದಿಂದ ಬಂದ ಚಿತ್ರವನ್ನು ನೇರವಾಗಿ ಈ ಚೌಕಟ್ಟಿಗೆ ಒತ್ತಿದಾಗ ಮುಖದ ಎತ್ತರದಲ್ಲಿ ಹತ್ತರ ಒಂದು ಪಾಲು ಕುಗ್ಗಿ, ಕೆನ್ನೆಗಳು ಅಗಲವಾಗಿ, ಅಭ್ಯರ್ಥಿಯ ಮುಖವೇ ಬೇರೆಯಾಗಿ ಕಾಣುತ್ತದೆ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಪ್ರವೇಶಪತ್ರದ ಚಿತ್ರವನ್ನೂ ವ್ಯಕ್ತಿಯ ಮುಖವನ್ನೂ ಹೋಲಿಸಿ ನೋಡುವ ವ್ಯವಸ್ಥೆಯಲ್ಲಿ ಇದನ್ನು ಸಣ್ಣ ದೋಷವೆಂದು ತಳ್ಳಿಹಾಕಲಾಗದು. ವರ್ಷಗಟ್ಟಲೆ ಓದಿ ಬಂದವರಿಗೆ ತಮ್ಮ ಮುಖ ತಮ್ಮದಾಗಿಯೇ ಕಾಣುವ ಹಕ್ಕಿದೆ.

ಪರಿಹಾರ ಸರಳವಾಗಿದೆ. ಚಿತ್ರವನ್ನು ಎಂದೂ ಎಳೆಯದೆ, ಒತ್ತದೆ, ಮೊದಲು ಬೇಕಾದ ಅನುಪಾತಕ್ಕೆ ಅಂಚುಗಳನ್ನು ಕತ್ತರಿಸಬೇಕು. ಇದನ್ನೇ ಕ್ರಾಪ್ ಮಾಡುವುದು ಎನ್ನುತ್ತಾರೆ. 413 ಪಿಕ್ಸೆಲ್ ಅಗಲದ ಚಿತ್ರವಾದರೆ ಎತ್ತರವನ್ನು 475ಕ್ಕೆ ಇಳಿಸಲು ಎದೆಯ ಭಾಗದಿಂದ 56 ಪಿಕ್ಸೆಲ್ ತೆಗೆದರೆ ಸಾಕು, ಮುಖಕ್ಕೆ ಏನೂ ಆಗುವುದಿಲ್ಲ. ಅನಂತರ ಪಿಕ್ಸೆಲ್‌ಗಳ ಸಂಖ್ಯೆಯನ್ನು ಇಳಿಸಿ, ಎಲ್ಲಕ್ಕಿಂತ ಕೊನೆಗೆ, ಚಿತ್ರದ ಕಡತವನ್ನು ಕುಗ್ಗಿಸಿ ಉಳಿಸುವ ಜೆಪೆಗ್ ವಿಧಾನದ ಗುಣಮಟ್ಟವನ್ನು ಹೊಂದಿಸಿ ಕೆಬಿಯನ್ನು ಮಿತಿಯೊಳಗೆ ತರಬೇಕು. ಜೆಪೆಗ್ ವಿಧಾನದಲ್ಲಿ ಪ್ರತಿ ಸಲ ಮತ್ತೆ ಉಳಿಸಿದಾಗಲೂ ಸೂಕ್ಷ್ಮ ವಿವರಗಳು ಸವೆಯುವುದರಿಂದ ಈ ಅನುಕ್ರಮ ಮುಖ್ಯವಾಗುತ್ತದೆ.

ಮುದ್ರಣದ ಲೆಕ್ಕ ಇನ್ನೊಂದು ಬಗೆಯದು. ಸ್ಟುಡಿಯೊಗಳಲ್ಲಿ ಬಳಕೆಯಲ್ಲಿರುವ 4 ಇಂಚು ಅಗಲ, 6 ಇಂಚು ಉದ್ದದ ಹಾಳೆಯನ್ನು ಅಡ್ಡಲಾಗಿ ಇಟ್ಟರೆ ಅದರ ಅಗಲ 152 ಮಿ.ಮೀ., ಎತ್ತರ ಸುಮಾರು 102 ಮಿ.ಮೀ. ಆಗುತ್ತದೆ, ಸಾಲಿಗೆ ನಾಲ್ಕರಂತೆ ಎರಡು ಸಾಲುಗಳಲ್ಲಿ ಎಂಟು ಪಾಸ್‌ಪೋರ್ಟ್ ಸೈಜ್ ಚಿತ್ರಗಳು ಕೂತು, ಕತ್ತರಿ ಆಡಲು ಅಗಲದಲ್ಲಿಯೂ ಎತ್ತರದಲ್ಲಿಯೂ ಒಟ್ಟು ಸುಮಾರು 12 ಮಿ.ಮೀ. ಉಳಿಯುತ್ತದೆ. ಒಂದೇ ಫಲಕದಲ್ಲಿ ಹಲವು ಪುಟ್ಟ ಭಾವಚಿತ್ರಗಳನ್ನು ತೆಗೆದು ಖರ್ಚು ಇಳಿಸುವ ಈ ಉಪಾಯ ಹಳೆಯದು: ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ಡೆರಿ 1854ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಇಂದಿನ ಮುದ್ರಣಯಂತ್ರದಲ್ಲಿ ಹಾಳೆಗೆ ಹೊಂದಿಸುವ ‘ಫಿಟ್ ಟು ಪೇಜ್’ ಆಯ್ಕೆ ಚಾಲ್ತಿಯಲ್ಲಿದ್ದರೆ ಚಿತ್ರಗಳ ಅಳತೆ ತಾನಾಗಿಯೇ ಬದಲಾಗುತ್ತದೆ, ಅಂಚಿಲ್ಲದ ಮುದ್ರಣದಲ್ಲಿಯೂ ಯಂತ್ರವು ಚಿತ್ರವನ್ನು ತುಸು ಹಿಗ್ಗಿಸುತ್ತದೆ. ಆದುದರಿಂದ ಶೇಕಡಾ 100ರ ಅಳತೆಯಲ್ಲಿ ಒಂದು ಹಾಳೆ ಮುದ್ರಿಸಿ ಪಟ್ಟಿಯಿಟ್ಟು ಅಳೆಯುವುದೇ ನಂಬಲರ್ಹ ಪರೀಕ್ಷೆ.

ನೌಕರಿಯ ಅರ್ಜಿಯಾಚೆಗೆ ಚಿತ್ರದ ಬೇಡಿಕೆಗಳು ಬೇರೆಬೇರೆಯಾಗಿವೆ. ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಅರ್ಜಿದಾರರ ಚಿತ್ರವನ್ನು ಅಲ್ಲಿಯೇ ತೆಗೆಯುತ್ತಾರಾದರೂ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ ಮುದ್ರಿತ ಚಿತ್ರವನ್ನು ಒಯ್ಯಬೇಕಾಗುತ್ತದೆ. ಅಮೆರಿಕದ ವೀಸಾ ಎರಡು ಇಂಚಿನ ಚೌಕಾಕಾರದ ಚಿತ್ರವನ್ನು ಬಯಸಿದರೆ, ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯು ಇತ್ತೀಚಿನ ವರ್ಷಗಳಲ್ಲಿ ಪೋಸ್ಟ್‌ಕಾರ್ಡ್ ಸೈಜಿನ ಚಿತ್ರವನ್ನೂ ಕೇಳಿದೆ. ಅಳತೆಗೆ ಕತ್ತರಿಸಿದ 413 ಪಿಕ್ಸೆಲ್ ಕಡತವನ್ನು ಪೋಸ್ಟ್‌ಕಾರ್ಡಿಗೆ ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ, ಮಸುಕಷ್ಟೇ ಹೆಚ್ಚುತ್ತದೆ. ಆ ಕಾರಣಕ್ಕೆ ಸ್ಟುಡಿಯೊದವರು ಗ್ರಾಹಕರಿಗೆ ಕತ್ತರಿಸದ ಮೂಲ ಕಡತವನ್ನೂ ಕೊಡಬೇಕು. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅಲ್ಲಿಯೇ ಪಿಕ್ಸೆಲ್ ಕಡಿಮೆಯಾಗುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸುವುದು ಲೇಸು.