ಹೊಳೆಗೆ ನಾಲ್ಕೂವರೆ ಸ್ಟಾರ್ ಸಾಲದು

ನಾಲ್ಕನೇ ಸೆಮಿಸ್ಟರ್‌ನ ಕೊನೆಯ ಪೇಪರ್ ಮುಗಿದ ಮರುದಿನವೇ ನಾವು ನಾಲ್ವರು ಗೆಳೆಯರು ಎರಡು ಬೈಕ್ ಹತ್ತಿ ಶ್ರೀರಂಗಪಟ್ಟಣದ ಕಡೆ ಹೊರಟೆವು. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಪುಟ್ಟ ಕಟ್ಟೆಯೊಂದರ ಫೋಟೊ ನಮ್ಮ ಗ್ರೂಪಿನಲ್ಲಿ ಓಡಾಡುತ್ತಿತ್ತು. ಮೊಬೈಲಿನಲ್ಲಿ ಹುಡುಕಿದರೆ ನಾಲ್ಕೂವರೆ ಸ್ಟಾರ್. ‘ಸೂಪರ್ ಪ್ಲೇಸ್’, ‘ಪಾರ್ಕಿಂಗ್ ಇದೆ’, ‘ಫ್ಯಾಮಿಲಿ ಜತೆ ಹೋಗಬಹುದು’. ಇನ್ನೇನು ಬೇಕು?

ಹೋಗಿ ನೋಡಿದರೆ ಫೋಟೊದಲ್ಲಿದ್ದಷ್ಟೇ ಚೆಂದ. ಕಟ್ಟೆಯ ಮೇಲಿಂದ ನೀರು ಬಿಳಿ ಪರದೆಯಂತೆ ಇಳಿಯುತ್ತಿತ್ತು. ನಮ್ಮಲ್ಲೊಬ್ಬ ‘ಮಗಾ, ಸೊಂಟದಷ್ಟೂ ಇಲ್ಲ, ಬಾರೋ’ ಎನ್ನುತ್ತಾ ಕಟ್ಟೆಯ ಬುಡಕ್ಕೆ ಇಳಿದ. ಪಾಚಿಯ ಮೇಲೆ ಕಾಲು ಜಾರಿತು. ಅವನಿಗೆ ಈಜು ಬರುತ್ತದೆ. ಆದರೂ ಅವನು ಹೊರಕ್ಕೆ ಬರುವ ಬದಲು ಮತ್ತೆ ಮತ್ತೆ ಕಟ್ಟೆಯತ್ತಲೇ ಹೋಗುತ್ತಿದ್ದ. ತಲೆ ಕಾಣಿಸುತ್ತಿತ್ತು, ಮರೆಯಾಗುತ್ತಿತ್ತು. ದಡದಲ್ಲಿದ್ದ ಹರಿಗೋಲಿನವರೊಬ್ಬರು ಓಡಿ ಬಂದು ಹಗ್ಗ ಎಸೆಯದಿದ್ದರೆ ಈ ಲೇಖನ ಬರೆಯುವ ಸ್ಥಿತಿಯಲ್ಲಿ ನಾನು ಇರುತ್ತಿರಲಿಲ್ಲ.

‘ಏನ್ರಪ್ಪಾ, ಓದೋ ಹುಡುಗ್ರು ತಾನೆ ನೀವು? ಕಟ್ಟೆ ಬುಡಕ್ಕೆ ಯಾರಾದ್ರೂ ಇಳೀತಾರಾ? ಈಜು ಬಂದ್ರೂ ಅಲ್ಲಿ ನಡೆಯಲ್ಲ’ ಎಂದು ಅವರು ಬೈದರು.

ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್. ಅವರು ಹೇಳಿದ್ದು ನನ್ನ ಲ್ಯಾಬ್ ರೆಕಾರ್ಡಿನಲ್ಲೇ ಇತ್ತು! ಹೈಡ್ರಾಲಿಕ್ ಜಂಪ್. ಕಟ್ಟೆಯಿಂದ ರಭಸವಾಗಿ ಜಾರಿದ ನೀರು ಬುಡದಲ್ಲಿ ನಿಧಾನವಾದ ನೀರಿಗೆ ಗುದ್ದಿ ಮೇಲಕ್ಕೆ ಉಬ್ಬುತ್ತದೆ. ಕೆಳಭಾಗದಲ್ಲಿ ನೀರಿನ ಮಟ್ಟ ಹೆಚ್ಚಿದ್ದರೆ ಮೇಲ್ಪದರದ ನೀರು ಹಿಂದಕ್ಕೆ ಉರುಳಿ, ಸಿಕ್ಕಿದ್ದನ್ನೆಲ್ಲ ಕಟ್ಟೆಯ ಕಡೆಗೇ ಎಳೆಯುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ದೇಹವನ್ನು ತೇಲಿಸುವ ಶಕ್ತಿಯೂ ಆ ನೀರಿಗೆ ಕಡಿಮೆ. ವೈವಾದಲ್ಲಿ ಇದನ್ನೆಲ್ಲ ಹೇಳಿ ಅಂಕ ಪಡೆದಿದ್ದೆ. ಹೊಳೆಯ ಮುಂದೆ ನಿಂತಾಗ ಮಾತ್ರ ನನಗೆ ಕಂಡದ್ದು ಸೆಲ್ಫಿಗೆ ಒಳ್ಳೆಯ ಹಿನ್ನೆಲೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೋಟೆಲಿಗೆ, ಸಿನಿಮಾಕ್ಕೆ ಸ್ಟಾರ್ ಕೊಡುವ ನಾವು ಹೊಳೆಯ ಸ್ಥಿತಿಯನ್ನು ಅಳೆಯುವುದು ಹೇಗೆ ಎಂದು ಹುಡುಕತೊಡಗಿದೆ. ಅಳತೆಗೋಲುಗಳು ಇವೆ. ನಾವು ನೋಡುವುದಿಲ್ಲ, ಅಷ್ಟೆ.

ರ‍್ಯಾಫ್ಟಿಂಗ್, ಕಯಾಕಿಂಗ್ ಮಾಡುವವರು ಹರಿವನ್ನು 1ರಿಂದ 6ರವರೆಗೆ ವರ್ಗೀಕರಿಸುತ್ತಾರೆ. 1 ಎಂದರೆ ಸಣ್ಣ ಅಲೆ, ಅಡ್ಡಿ ಕಡಿಮೆ. ನೀರಿಗೆ ಬಿದ್ದರೂ ಸುಲಭವಾಗಿ ದಡ ಸೇರಬಹುದು. 2ರಲ್ಲಿ ಹಾದಿ ಅಗಲವಾಗಿ, ಸ್ಪಷ್ಟವಾಗಿರುತ್ತದೆ. 3ರಲ್ಲಿ ಅಲೆಗಳು ಏರುಪೇರು. ಬಂಡೆಗಳ ನಡುವೆ ದೋಣಿಯನ್ನು ತಿರುಗಿಸಲು ಬರಬೇಕು. 4 ಅನುಭವಿಗಳಿಗೆ, 5 ಪರಿಣತರಿಗೆ. 6ರಲ್ಲಿ ತಪ್ಪು ಮಾಡಿದರೆ ಕಾಪಾಡುವುದೂ ಸಾಧ್ಯವಾಗದೇ ಹೋಗಬಹುದು. ದಾಂಡೇಲಿ ಬಳಿಯ ಗಣೇಶಗುಡಿಯಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್ ಅನ್ನು ಸಾಮಾನ್ಯವಾಗಿ 2-3 ಎನ್ನುತ್ತಾರೆ. ಅದೂ ಸೂಪಾ ಜಲಾಶಯದಿಂದ ಬಿಡುವ ನೀರನ್ನು ಅವಲಂಬಿಸಿದೆ.

ಇಲ್ಲಿ ನನಗೆ ತಟ್ಟಿದ ಮುಖ್ಯ ಮಾತು ಇದು: ನದಿಯ ಗ್ರೇಡ್ ನಮ್ಮ ಮಾರ್ಕ್ಸ್ ಕಾರ್ಡಿನಂತೆ ಒಮ್ಮೆ ಅಚ್ಚಾದರೆ ಮುಗಿಯುವಂಥದ್ದಲ್ಲ. ನೀರಿನ ಮಟ್ಟ ಬದಲಾದರೆ ಅದೂ ಬದಲಾಗುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ನೀರು ನಮ್ಮ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ಮೊಣಕಾಲಷ್ಟು ನೀರಿನಲ್ಲಿ ನಿಂತ ಜಾಗದಲ್ಲೇ ಮಧ್ಯಾಹ್ನ ನಿಲ್ಲಲಾಗದಿರಬಹುದು. ಯಾರೋ ಬೇಸಿಗೆಯಲ್ಲಿ ಕೊಟ್ಟ ಸ್ಟಾರ್ ನೋಡಿಕೊಂಡು ಮಳೆಗಾಲದಲ್ಲಿ ಇಳಿದವರು ನಾವು.

ಹಾಗಾದರೆ ಇವತ್ತಿನ ಗ್ರೇಡ್ ತಿಳಿಯುವುದು ಹೇಗೆ? ಒಂದು ಸುಳಿವು ದಿನಪತ್ರಿಕೆಯಲ್ಲೇ ಇದೆ. ಮಳೆಗಾಲದಲ್ಲಿ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವಿನ ಪಟ್ಟಿ ಬರುತ್ತದಲ್ಲ, ಅದು. ರೈತರು ಕಾಳಜಿಯಿಂದ ಓದುವ ಆ ಪಟ್ಟಿಯನ್ನು ನಾವು ದಾಟಿಕೊಂಡು ಕ್ರಿಕೆಟ್ ಪುಟಕ್ಕೆ ಹೋಗುತ್ತೇವೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಹೊರಹರಿವು 10,000 ಕ್ಯುಸೆಕ್ ಎಂದಿದ್ದರೆ ಪ್ರತಿ ಸೆಕೆಂಡಿಗೆ 2.83 ಲಕ್ಷ ಲೀಟರ್ ನೀರು ಕೆಳಗೆ ಬರುತ್ತಿದೆ ಎಂದರ್ಥ. ನಾವು ಹೋದದ್ದು ಕೆಆರ್‌ಎಸ್‌ನ ಕೆಳಭಾಗಕ್ಕೆ. ಆದರೂ ಆ ದಿನದ ಪಟ್ಟಿಯನ್ನು ನಾಲ್ವರಲ್ಲಿ ಒಬ್ಬರೂ ನೋಡಿರಲಿಲ್ಲ.

ಕೆರೆಯ ಕಥೆ ಬೇರೆ. ಅಲ್ಲಿ ಸೆಳೆತವಿಲ್ಲ ಎಂಬ ಧೈರ್ಯವೇ ಮೋಸ. ಮಣ್ಣು ತೆಗೆದ ಗುಂಡಿ, ಕಾಲು ಹೂತುಹೋಗುವ ಹೂಳು, ಕಾಲಿಗೆ ಸುತ್ತಿಕೊಳ್ಳುವ ಜೊಂಡು ಮೇಲಿನಿಂದ ಕಾಣುವುದಿಲ್ಲ. ಜತೆಗೆ ನೀರಿನ ಗುಣಮಟ್ಟವನ್ನೂ ನೋಡಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ ‘ಎ’ಯಿಂದ ‘ಇ’ವರೆಗೆ ವಿಂಗಡಿಸಿದೆ. ಹೊರಾಂಗಣ ಸ್ನಾನಕ್ಕೆ ಕನಿಷ್ಠ ‘ಬಿ’ ಬೇಕು. ಅಂದರೆ ಲೀಟರ್ ನೀರಿನಲ್ಲಿ ಕರಗಿದ ಆಮ್ಲಜನಕ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ 3 ಮಿಲಿಗ್ರಾಂ ಅಥವಾ ಕಡಿಮೆ ಇರಬೇಕು. 100 ಮಿಲಿಲೀಟರ್‌ನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ದಾಟಬಾರದು. ‘ಡಿ’ ಎಂದರೆ ಮೀನು, ವನ್ಯಜೀವಿಗಳಿಗೆ. ‘ಇ’ ಎಂದರೆ ನೀರಾವರಿ, ಕೈಗಾರಿಕೆಯಂಥ ಬಳಕೆಗೆ. ಸಂಜೆ ಹೊತ್ತು ಹೊಳೆಯುವ ಕೆರೆಯನ್ನು ದಡದಲ್ಲಿ ಕುಳಿತು ನೋಡಲು ‘ಡಿ’ ಸಾಕು, ಈಜಲು ಸಾಲದು.

ಈಗ ನಾವು ನಾಲ್ವರೂ ಸೇರಿ ಒಂದು ಪಟ್ಟಿ ಮಾಡಿಕೊಂಡಿದ್ದೇವೆ. ಮೇಲ್ಭಾಗದಲ್ಲಿ ಅಣೆಕಟ್ಟೆ ಇದೆಯೇ, ಇವತ್ತಿನ ಹೊರಹರಿವು ಎಷ್ಟು? ಎರಡು ದಿನಗಳಿಂದ ಮೇಲೆ ಮಳೆಯಾಗಿದೆಯೇ, ನೀರು ಕೆಂಪಾಗಿದೆಯೇ? ಹತ್ತಿರದಲ್ಲಿ ಕಟ್ಟೆ, ಸುಳಿ, ಬಂಡೆ ಸಂದು ಇದೆಯೇ? ಜಾರಿದರೆ ಕೆಳಗೆ ದಡ ಹತ್ತಲು ಜಾಗ ಇದೆಯೇ? ಲೈಫ್ ಜಾಕೆಟ್, ಹಗ್ಗ ಇದೆಯೇ? ಸ್ಥಳೀಯರು ಏನನ್ನುತ್ತಾರೆ? ಯಾವುದಾದರೂ ಒಂದು ಪ್ರಶ್ನೆಗೆ ಉತ್ತರ ‘ಗೊತ್ತಿಲ್ಲ’ ಎಂದಾದರೆ ಇಳಿಯುವಂತಿಲ್ಲ. ಇಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ.

ಹೊಳೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಮನೆಯವರು ಹಾಗೆ ಹೇಳಿದರೆ ನಾವು ಸುಳ್ಳು ಹೇಳಿ ಹೋಗುತ್ತೇವೆ, ಅದು ಇನ್ನೂ ಅಪಾಯ. ಪ್ರವಾಸಿ ತಾಣಗಳಲ್ಲಿ ‘ಅಪಾಯ’ ಎಂಬ ತುಕ್ಕು ಹಿಡಿದ ಫಲಕ ವರ್ಷವಿಡೀ ನಿಂತಿರುತ್ತದೆ. ಎಂದಿಗೂ ಬದಲಾಗದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ಅದರ ಬದಲು ಆ ದಿನದ ಹರಿವಿಗೆ ತಕ್ಕಂತೆ ಹಸಿರು, ಹಳದಿ, ಕೆಂಪು ಬಾವುಟ ಹಾರಿಸಿದರೆ? ದೊಡ್ಡ ಖರ್ಚಿನ ಕೆಲಸವಲ್ಲ. ದಡದಲ್ಲೇ ಬದುಕುವ ಹರಿಗೋಲಿನವರಿಗೇ ಆ ಕೆಲಸ ಕೊಡಬಹುದು. ಆ ಹೊಳೆಯನ್ನು ಅವರಷ್ಟು ಬಲ್ಲವರು ಯಾರಿದ್ದಾರೆ?

ಕಳೆದ ತಿಂಗಳು ಮತ್ತೆ ಅದೇ ಜಾಗಕ್ಕೆ ಹೋಗಿದ್ದೆವು. ಅಂದು ಹಗ್ಗ ಎಸೆದ ಅಣ್ಣನನ್ನು ಹುಡುಕಿ ಮಾತನಾಡಿಸಿದೆವು. ‘ಇವತ್ತು ಹೇಗಿದೆ ಅಣ್ಣ?’ ಎಂದು ಕೇಳಿದೆ. ನೀರಿನತ್ತ ಒಮ್ಮೆ ನೋಡಿ, ‘ಇವತ್ತು ಬ್ಯಾಡ’ ಎಂದರು. ಅಷ್ಟು ದೂರದಿಂದ ಪೆಟ್ರೋಲ್ ಸುಟ್ಟು ಬಂದಿದ್ದೆವು. ಯಾರೂ ವಾದ ಮಾಡಲಿಲ್ಲ. ದಡದಲ್ಲಿ ಕುಳಿತು ಚುರುಮುರಿ ತಿಂದು ವಾಪಸಾದೆವು.