ಜೀಪಿನ ಬಿಡಿಭಾಗ: ಕಂಪನಿಯದೋ, ಹೊರಗಿನದೋ?



ಮಳೆ ಹಿಂದೆ ಸರಿದು ಅಡಿಕೆ ಕೊಯ್ಲು ಮೊದಲಾಗಿ, ಅದರ ಬೆನ್ನಿಗೇ ಅರೇಬಿಕಾ ಹಣ್ಣು ಕೆಂಪಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಮನುಷ್ಯರಷ್ಟೇ ದುಡಿಯುವುದು ಜೀಪು. ಕೊರಕಲು ದಾರಿ, ಕೆಸರು, ಇಳಿಜಾರು, ಹಿಂದೆ ಕೂತ ಕೆಲಸದವರು, ಮೇಲೆ ಮೂಟೆ, ಎಲ್ಲವನ್ನೂ ಹೊತ್ತು ಅದು ವರ್ಷವಿಡೀ ಓಡುತ್ತದೆ. ಓಡಿದ್ದು ಸವೆಯಲೇಬೇಕು. ಸವೆದದ್ದನ್ನು ಬದಲಿಸಲು ಹೋದಾಗ ಅಂಗಡಿಯವರು ಕೇಳುವ ಪ್ರಶ್ನೆ ಒಂದೇ: "ಕಂಪನೀದು ಕೊಡಲೋ, ಲೋಕಲ್ ಸಾಕೋ?" ನಮ್ಮಲ್ಲಿ ಬಹುಮಂದಿ ಜೇಬು ನೋಡಿಕೊಂಡು ಉತ್ತರ ಕೊಡುತ್ತೇವೆ. ನಾವೂ ಹಾಗೆ ಕೊಟ್ಟವರೇ. ಅದರಿಂದ ಆದದ್ದನ್ನು ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಹಳೆಯ ಜೀಪಿನ ಹಿಂದಿನ ಚಕ್ರದ ಬ್ರೇಕ್ ಸಿಲಿಂಡರಿನಲ್ಲಿ ಎಣ್ಣೆ ಜಿನುಗುತ್ತಿತ್ತು. ಒಳಗಿನ ರಬ್ಬರ್ ಬಟ್ಟಲುಗಳನ್ನು ಬದಲಿಸಿದರೆ ಸಾಕು ಎಂದು ಮೆಕ್ಯಾನಿಕ್ ಹೇಳಿದರು. ಪೇಟೆಯ ಒಂದು ಅಂಗಡಿಯಲ್ಲಿ ಎರಡು ಪೊಟ್ಟಣ ಮುಂದಿಟ್ಟರು. ಎರಡರ ಮೇಲೂ ಒಂದೇ ಹೆಸರು, ಒಂದೇ ಬಣ್ಣ. ಬೆಲೆಯಲ್ಲಿ ಮಾತ್ರ ಅರ್ಧಕ್ಕರ್ಧ ವ್ಯತ್ಯಾಸ. ಬಿಲ್ಲು ಬೇಡವಾದರೆ ಕಡಿಮೆಯದನ್ನು ತೆಗೆದುಕೊಳ್ಳಿ ಎಂದರು. ನಾವು ಬಿಲ್ಲು ಬೇಡವೆಂದೆವು.

ಮೂರು ತಿಂಗಳು ಕಳೆದಿರಲಿಲ್ಲ. ಸಂಜೆ ಹಣ್ಣು ಬಿಡಿಸುವ ಆರು ಮಂದಿಯನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಪೆಡಲ್ ಸೀದಾ ನೆಲ ಮುಟ್ಟಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಜೀಪನ್ನು ಧರೆಗೆ ಒರಗಿಸಿದ್ದರಿಂದ ಎಲ್ಲರ ಜೀವ ಉಳಿಯಿತು. ಒಬ್ಬ ಹೆಂಗಸಿನ ಮೊಣಕೈ ಮುರಿಯಿತು. ಚಕ್ರ ಬಿಚ್ಚಿ ನೋಡಿದರೆ ಹೊಸ ರಬ್ಬರ್ ಬಟ್ಟಲು ಉಬ್ಬಿ ಅಂಚು ಹರಿದಿತ್ತು. ನಾವು ಉಳಿಸಿದ್ದು ನೂರು ರೂಪಾಯಿಗಿಂತ ಕಡಿಮೆ. ಆಸ್ಪತ್ರೆಯ ಖರ್ಚನ್ನೂ ತಪ್ಪಿದ ಕೂಲಿಯನ್ನೂ ಕೊಟ್ಟೆವು, ನಿಜ. ಆದರೆ ಆಕೆ ಈಗಲೂ ನಮ್ಮ ಜೀಪು ಹತ್ತುವುದಿಲ್ಲ, ನಡೆದೇ ಬರುತ್ತಾರೆ.

ಎರಡಲ್ಲ, ನಾಲ್ಕು ಬಗೆ

ಬಿಡಿಭಾಗಗಳಲ್ಲಿ ಕಂಪನಿಯದು, ಲೋಕಲ್ ಎಂದು ಎರಡೇ ಬಗೆ ಎಂದು ತಿಳಿದಿರುವುದೇ ನಮ್ಮ ಮೊದಲ ತಪ್ಪು. ನಿಜಕ್ಕೂ ಇರುವುದು ನಾಲ್ಕು.

ಮೊದಲನೆಯದು, ವಾಹನ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವ ಮಾಲು. ಎರಡನೆಯದು, ವಾಹನ ಕಂಪನಿಗೆ ಆ ಭಾಗವನ್ನು ಮಾಡಿಕೊಡುವ ಕಾರ್ಖಾನೆಯೇ ತನ್ನ ಸ್ವಂತ ಹೆಸರಿನಲ್ಲಿ ಮಾರುವ ಮಾಲು. ವಾಹನ ಕಂಪನಿಯೇ ಎಲ್ಲವನ್ನೂ ತಯಾರಿಸುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು, ಬೇರಿಂಗ್, ಕ್ಲಚ್ ಪ್ಲೇಟು, ಬ್ರೇಕ್ ಲೈನಿಂಗ್ ಮುಂತಾದವು ಬೇರೆ ಕಾರ್ಖಾನೆಗಳಿಂದ ಬರುತ್ತವೆ. ನಮ್ಮ ಹಿರಿಯರ ಬಾಯಲ್ಲಿದ್ದ 'ಮೈಕೋ' ಇದಕ್ಕೆ ಒಳ್ಳೆಯ ಉದಾಹರಣೆ. 1951ರಲ್ಲಿ ಸ್ಥಾಪನೆಯಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಈ ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು. ಪ್ಲಗ್ಗು, ಡೀಸೆಲ್ ಪಂಪುಗಳನ್ನು ವಾಹನ ಕಂಪನಿಗಳಿಗೂ ಕೊಟ್ಟಿದೆ, ಅಂಗಡಿಗಳಿಗೂ ಕೊಟ್ಟಿದೆ. ಹೀಗೆ ಒಂದೇ ಕಾರ್ಖಾನೆಯ ಮಾಲು ಎರಡು ಡಬ್ಬಿಗಳಲ್ಲಿ ಬರುವುದುಂಟು. ತಯಾರಕರ ಡಬ್ಬಿಯದು ಸಾಮಾನ್ಯವಾಗಿ ಅಗ್ಗ.

ಮೂರನೆಯದು, ವಾಹನ ಕಂಪನಿಗೆ ಸಂಬಂಧವಿಲ್ಲದ ಹೊರಗಿನ ತಯಾರಕರು ತಮ್ಮದೇ ಹೆಸರು, ವಿಳಾಸ ಹಾಕಿ ಮಾರುವ ಮಾಲು. ಇದರಲ್ಲಿ ಒಳ್ಳೆಯದೂ ಇದೆ, ಸಾಧಾರಣವೂ ಇದೆ. ನಾಲ್ಕನೆಯದು, ಇನ್ನೊಬ್ಬರ ಹೆಸರನ್ನು ಕದ್ದು ಅಚ್ಚು ಹಾಕಿದ ನಕಲಿ.

ಕಾಫಿ ಬೆಳೆಯುವ ನಮಗೆ ಮೂರು ಮತ್ತು ನಾಲ್ಕರ ಅಂತರವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೊಟ್ಟಣದ ಮೇಲೆ ಇಂತಿಷ್ಟು ಚಿಕೋರಿ ಎಂದು ಬರೆದು ಮಾರಿದರೆ ಅದು ಮೋಸವಲ್ಲ. ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಾಗದಂತೆ ಬೆರೆಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಬರೆಯದೆ ಬೆರೆಸಿ ಶುದ್ಧ ಕಾಫಿ ಎಂದು ಮಾರಿದರೆ ಮೋಸ. ಹೊರಗಿನ ಬಿಡಿಭಾಗ ಲೇಬಲ್ ಇರುವ ಚಿಕೋರಿಯಂತೆ. ನಕಲಿ ಬಿಡಿಭಾಗ ಲೇಬಲ್ ಇಲ್ಲದ ಬೆರಕೆಯಂತೆ. ನಮ್ಮ ಜೀಪಿಗೆ ಹಾಕಿದ್ದು 'ಲೋಕಲ್' ಅಲ್ಲ, ನಕಲಿ.

ಮುರಿದರೆ ಏನಾಗುತ್ತದೆ?

ಆದ್ದರಿಂದ ಅಂಗಡಿಯಲ್ಲಿ ನಿಂತಾಗ ಬೆಲೆ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಭಾಗ ನಡುದಾರಿಯಲ್ಲಿ ಕೈಕೊಟ್ಟರೆ ಏನಾಗುತ್ತದೆ? ಆಗ ಇದಕ್ಕೆ ಹೊಣೆ ಹೊರುವ ಹೆಸರು ಯಾವುದು? ಈ ಲೆಕ್ಕದಲ್ಲಿ ವಾಹನದ ಭಾಗಗಳನ್ನು ಮೂರು ರಾಶಿ ಮಾಡಬಹುದು.

ಕೈಕೊಟ್ಟರೆ ಜೀವಕ್ಕೆ ಅಪಾಯವಾಗುವಂಥವು ಮೊದಲ ರಾಶಿ. ಬ್ರೇಕಿನ ರಬ್ಬರ್, ಹೋಸು, ಲೈನಿಂಗ್, ಪ್ಯಾಡು, ಮಾಸ್ಟರ್ ಸಿಲಿಂಡರ್. ಸ್ಟಿಯರಿಂಗಿನ ಟೈ ರಾಡ್ ತುದಿ, ಬಾಲ್ ಜಾಯಿಂಟ್. ಚಕ್ರದ ಬೇರಿಂಗು, ಸೀಟ್ ಬೆಲ್ಟು. ಇವುಗಳಿಗೆ ಕಂಪನಿಯ ಡಬ್ಬಿ, ಇಲ್ಲವೇ ಮೂಲ ತಯಾರಕರ ಡಬ್ಬಿ, ಎರಡನ್ನು ಬಿಟ್ಟು ಬೇರೆ ಬೇಡ. ಅನೇಕ ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಎಣ್ಣೆಯ ದಾರಿ ಒಂದೇ. ಒಂದು ಚಕ್ರದಲ್ಲಿ ಸೋರಿದರೆ ನಾಲ್ಕರ ಬ್ರೇಕೂ ಹೋಯಿತೆಂದೇ ಅರ್ಥ. ಅಂಥ ವಾಹನ ಇಟ್ಟುಕೊಂಡವರು ಇದನ್ನು ಎರಡು ಸಲ ಓದಬೇಕು.

ಕೈಕೊಟ್ಟರೆ ಎಂಜಿನ್ನಿಗೋ ಗೇರುಪೆಟ್ಟಿಗೆಗೋ ಹಾನಿಯಾಗುವಂಥವು ಎರಡನೆಯ ರಾಶಿ. ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಟೈಮಿಂಗ್ ಬೆಲ್ಟ್, ಕ್ಲಚ್ ಪ್ಲೇಟು, ನಾಜಲ್ ಮುಂತಾದವು. ಇಲ್ಲಿ ಮೂಲ ತಯಾರಕರ ಡಬ್ಬಿಯೇ ಲಾಭದ ಆಯ್ಕೆ. ಫಿಲ್ಟರಿನ ಗುಣ ಹೊರಗಿನ ತಗಡಿನಲ್ಲಿಲ್ಲ, ಒಳಗಿನ ಕಾಗದದಲ್ಲಿದೆ. ನಕಲಿಯಲ್ಲಿ ಕಾಗದದ ಮಡಿಕೆಗಳನ್ನೇ ಕಡಿಮೆ ಮಾಡಿರುತ್ತಾರೆ. ಬೇಸಿಗೆಯಲ್ಲಿ ತೋಟದ ದಾರಿಯ ಕೆಂಪು ಧೂಳು ಅದರ ಮೂಲಕ ಎಂಜಿನ್ನಿನೊಳಗೆ ಹೋಗಿ ಪಿಸ್ಟನ್ ರಿಂಗುಗಳನ್ನು ಅರೆಯುತ್ತದೆ. ಫಿಲ್ಟರಿನಲ್ಲಿ ಉಳಿಸಿದ ಹಣವನ್ನು ಎಂಜಿನ್ ಬೋರಿಂಗಿನಲ್ಲಿ ಹತ್ತಾರು ಪಟ್ಟು ಕೊಡಬೇಕಾಗುತ್ತದೆ.

ಕೈಕೊಟ್ಟರೆ ನೋಟ ಮಾತ್ರ ಕೆಡುವಂಥವು ಮೂರನೆಯ ರಾಶಿ. ಬಂಪರು, ಮಡ್‌ಗಾರ್ಡು, ಬಾಗಿಲ ಹಿಡಿ, ಸೀಟಿನ ಕವರು, ನೆಲದ ಮ್ಯಾಟು. ಇವನ್ನು ಧಾರಾಳವಾಗಿ ಹೊರಗಿನದೇ ಕೊಳ್ಳಿರಿ. ಗುಜರಿಯ ಮಾಲೂ ಆಗಬಹುದು. ಇಲ್ಲಿಯೂ ಕಂಪನಿಯದೇ ಬೇಕೆಂದು ಹಟ ಹಿಡಿಯುವುದು ದುಡ್ಡು ದಂಡ. 1983ರಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಇಂಥ ಹಳೆಯ ವಾಹನಗಳನ್ನು ಓಡಿಸುತ್ತಿರುವವರಿಗೆ ಹೊರಗಿನ ತಯಾರಕರು ಉಪಕಾರಿಗಳೇ ಸರಿ.

ಬ್ರೇಕ್ ಎಣ್ಣೆಯ ಮಾತು

ಮಲೆನಾಡಿನವರಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ 205 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದೆಂಬ ನಿಯಮವಿದೆ. ಆದರೆ ತೇವ ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದ ಬಳಿ ಕಾವು ಏರಿ ಹಳೆಯ ಎಣ್ಣೆ ಕುದಿಯುತ್ತದೆ. ಕುದಿದಾಗ ಆವಿ ತುಂಬುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಬ್ರೇಕನ್ನು ನೂಕುವುದಿಲ್ಲ. ಆದ್ದರಿಂದ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನು ಸೀಲು ಒಡೆಯದ ಸಣ್ಣ ಡಬ್ಬಿಯಲ್ಲಿ ತಂದು, ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಿಸತಕ್ಕದ್ದು. ಎಂಜಿನ್ ಆಯಿಲನ್ನು ಬ್ರೇಕಿಗೆ ಎಂದೂ ಸುರಿಯಬಾರದು. ಒಳಗಿನ ರಬ್ಬರುಗಳು ಉಬ್ಬಿ ಹಾಳಾಗುತ್ತವೆ.

ಅಂಗಡಿಯಲ್ಲಿ ಪರೀಕ್ಷೆ

ಮೈಲುತುತ್ತ ತರುವಾಗ ಹರಳಿನ ಬಣ್ಣ ನೋಡುತ್ತೇವೆ. ಬೋರ್ಡೋ ಕಲಸಿದ ಮೇಲೆ ಚಾಕು ಅದ್ದಿ ಕೆಂಪು ಹತ್ತುತ್ತದೆಯೇ ಎಂದು ನೋಡುತ್ತೇವೆ. ಅಷ್ಟೇ ಎಚ್ಚರವನ್ನು ಇಲ್ಲಿಯೂ ವಹಿಸಬೇಕು.

1. ಹಳೆಯ ಭಾಗವನ್ನೂ ಚಾಸಿ ನಂಬರನ್ನೂ ತೆಗೆದುಕೊಂಡು ಹೋಗಿ. ಅಚ್ಚು, ತೂಕ, ಅಂಚಿನ ನಯ ಹೋಲಿಸಿ.

2. ಡಬ್ಬಿಯ ಮೇಲೆ ಭಾಗದ ನಂಬರು, ತಯಾರಕರ ಪೂರ್ತಿ ವಿಳಾಸ, ತಯಾರಾದ ತಿಂಗಳು, ಗರಿಷ್ಠ ಬೆಲೆ ಇವೆಯೇ ನೋಡಿ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇದ್ದರೆ ಕೆಳಗಿಡಿ. ಹೊಳೆಯುವ ಚೀಟಿಯೊಂದನ್ನೇ ನಂಬಬೇಡಿ. ಅದನ್ನೂ ನಕಲು ಮಾಡುತ್ತಾರೆ.

3. ಟೈರು, ಗಾಜುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಗುರುತಿನ ಜೊತೆಯ ಪರವಾನಗಿ ಸಂಖ್ಯೆಯನ್ನು ಮೊಬೈಲಿನ 'ಬಿ.ಐ.ಎಸ್. ಕೇರ್' ಆ್ಯಪಿನಲ್ಲಿ ತಾಳೆ ನೋಡಬಹುದು.

4. ಭಾಗದ ನಂಬರು ಬರೆದ ಬಿಲ್ಲನ್ನೇ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಎಲ್ಲ ಬಿಡಿಭಾಗಗಳ ಜಿ.ಎಸ್.ಟಿ. ಶೇ. 18 ಆಗಿದೆ, ಹಿಂದೆ ಹಲವಕ್ಕೆ ಶೇ. 28 ಇತ್ತು. ಬಿಲ್ಲು ಬಿಟ್ಟು ಉಳಿಸುವ ಆಸೆಗೆ ಈಗ ಹಿಂದಿನಷ್ಟು ಕಾರಣವೂ ಇಲ್ಲ.

5. ಭಾಗ ಹಾಕಿಸಿದ ಮೇಲೆ ಡಬ್ಬಿಯನ್ನು ಹರಿದುಬಿಡಿ, ಹಳೆಯ ಭಾಗವನ್ನು ಜಜ್ಜಿ ಎಸೆಯಿರಿ. ಚೆನ್ನಾಗಿರುವ ಖಾಲಿ ಡಬ್ಬಿಯೇ ನಕಲಿ ವ್ಯಾಪಾರದ ಬಂಡವಾಳ.

ವಾರಂಟಿ ಮತ್ತು ಕಾಯ್ದೆ

ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಯಿತು ಎಂಬ ಭಯ ಹಲವರಿಗಿದೆ. ಬಿಡಿಭಾಗಗಳನ್ನು ಹೊರಗಿನ ರಿಪೇರಿಯವರಿಗೆ ಸಿಗದಂತೆ ತಡೆದರೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡಬಾರದೆಂದೂ ಹೇಳಿತು. ಆದರೆ ಆ ಆದೇಶದ ಮೇಲೆ ಮೇಲ್ಮನವಿಗಳು ನಡೆದಿರುವುದರಿಂದ, ವಾರಂಟಿ ಇರುವ ತನಕ ಪುಸ್ತಕದ ಷರತ್ತು ಓದಿಯೇ ಮುಂದುವರಿಯುವುದು ಕ್ಷೇಮ. ನಕಲಿ ಮಾಲು ಸಿಕ್ಕಿದವರು ಬಿಲ್ಲು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಬಿಲ್ಲು ಬೇಡವೆಂದ ನಮ್ಮಂಥವರಿಗೆ ಆ ಬಾಗಿಲು ತಟ್ಟುವುದಕ್ಕೂ ಕೈಯಲ್ಲಿ ಏನೂ ಇರಲಿಲ್ಲ.

ಒಂಟಿಯಾಗಿ ಕೊಂಡರೆ ದುಬಾರಿ ಎನಿಸುವವರು ನೆರೆಹೊರೆಯ ನಾಲ್ಕೈದು ಮಂದಿ ಸೇರಿ, ಅಧಿಕೃತ ಮಾರಾಟಗಾರರಿಂದ ಫಿಲ್ಟರು, ಬ್ರೇಕ್ ಲೈನಿಂಗುಗಳನ್ನು ಒಟ್ಟಿಗೆ ತರಿಸಿಕೊಳ್ಳಬಹುದು. ಗೊಬ್ಬರಕ್ಕೆ, ಮೈಲುತುತ್ತಕ್ಕೆ ಒಂದಾಗುವ ನಾವು ಇದಕ್ಕೂ ಒಂದಾಗಬಹುದಲ್ಲವೇ?

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಅಡಿಕೆಯನ್ನೇ ಮುಂದಿಟ್ಟು ಹೇಳಿದ್ದಾರೆ. ರಬ್ಬರ್ ಬಟ್ಟಲಿಗೆ ಹೋದ ನಂಬಿಕೆಯೂ ಹಾಗೆಯೇ. ಈ ಕೊಯ್ಲಿಗೆ ಜೀಪು ಇಳಿಸುವ ಮೊದಲು ಒಮ್ಮೆ ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕು ನೋಡಿಸಿರಿ. ಹಿಂದೆ ಕೂರುವವರು ನಮ್ಮನ್ನು ನಂಬಿಯೇ ಕೂರುತ್ತಾರೆ.